ಹಮಾಲನ ನಿದ್ದೆ

ಯಂಕವ್ವನ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಚೀಲ ಹೊತ್ತು ಬಂದು ಮಲಗಿದ ಗಂಡಸನ್ನು ಯಾರೂ ಎಬ್ಬಿಸಕೂಡದು. ಅವಳ ಮಾವ ಹಮಾಲಿ ಮಾಡಿದ, ಗಂಡ ಮಾಡಿದ, ಈಗ ಮಗ ಹುಲಗೇಶ ಸವಣೂರಿನ ಒಂದು ಗೋವಿನಜೋಳದ ಗೋದಾಮಿನಲ್ಲಿ ಮಾಡುತ್ತಾನೆ. ಲಾರಿ ಬಂದಾಗ ಕೆಲಸ, ಹೋದಾಗ ಬಿಡುವು. ಅವನು ಹತ್ತಿಮತ್ತೂರಿಗೆ ಬಂದು, ಉಂಡು, ಒಳಕೋಣೆಯಲ್ಲಿ ಚಾಪೆ ಹಾಸಿದನೆಂದರೆ ಟೀವಿ ಬಂದ್ ಆಗುತ್ತಿತ್ತು, ರೊಟ್ಟಿ ಬಡಿಯುವುದು ಹಿತ್ತಲಿನ ಒಲೆಗೆ ಹೋಗುತ್ತಿತ್ತು. ಪಕ್ಕದ ಮನೆಯ ಹಾಜರಾಬಿ ತನ್ನ ಹೊಲಿಗೆ ಯಂತ್ರವನ್ನು ಯಾರೂ ಹೇಳದೆಯೇ ಆಚೆ ಗೋಡೆಗೆ ಎಳೆದುಕೊಳ್ಳುತ್ತಿದ್ದಳು.

ಆ ಮನೆಗೆ ಆಶಾ ಕಾರ್ಯಕರ್ತೆ ಮಹಾದೇವಕ್ಕ ಬಿಳಿಯ ಡಬ್ಬಿಯೊಂದನ್ನು ತಂದದ್ದು ಸುಗ್ಗಿ ಜೋರಾಗಿದ್ದ ಕಾಲದಲ್ಲಿ. ಯಂಕವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಯಂಕವ್ವಾರ, ಇದು ಸರಕಾರದಿಂದ ಬಂದೈತ್ರಿ. ನೋವಿನ ಗುಳಗಿ ಹೆಚ್ಚಾಗಿ ಉಸಿರು ನಿಲ್ಲಾಕತ್ತಿದ್ರ ಮೂಗಿನ್ಯಾಗ ಹೊಡೆಯೂ ಔಷಧ. ಡಬ್ಬ್ಯಾಗ ಎರಡು ಸ್ಪ್ರೇ ಅದಾವ. ಸವಣೂರ ತಾಲೂಕಿಗೆ ಮೊದಲ ಕೊಟ್ಟು ನೋಡಾಕತ್ತಾರ."

"ಊರಾಗ ಎಲ್ಲಾ ಮನಿಗೂ ಕೊಡಾಕತ್ತಿಯೇನು?"

ಮಹಾದೇವಕ್ಕ ಮೊರದ ಕಡೆ ನೋಡಿದಳು. "ಬೇಕಾದವ್ರಿಗೆ ಕೊಡ್ತೇನ್ರಿ."

"ನಮಗ ಬೇಕು ಅಂತ ಯಾರು ಹೇಳಿದ್ರು ನಿನಗ?"

ಒಳಗಿನಿಂದ ಸೊಸೆ ರಾಜಶ್ರೀ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನಾ ಹೇಳೇನ್ರಿ ಅತ್ತಿ."

ಯಂಕವ್ವ ಮೊರ ಕೆಳಗಿಟ್ಟಳು. ಮಗ ಗುಳಿಗೆ ನುಂಗುವುದು ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಎರಡು ವರ್ಷದ ಹಿಂದೆ ಬೆನ್ನು ಹಿಡಿದುಕೊಂಡಾಗ ಗೋದಾಮಿನ ಬದಿಯ ಅಂಗಡಿಯಲ್ಲಿ ಕೊಟ್ಟದ್ದು. ನೋವು ಹೋಗಿ ಮೈ ಹಗುರಾಗಿ ಇನ್ನಷ್ಟು ಚೀಲ ಹೊರಬಹುದಿತ್ತು. ಈಗ ಬೆನ್ನು ನೋಯಲಿ ಬಿಡಲಿ, ಗುಳಿಗೆ ಇಲ್ಲದಿದ್ದರೆ ಬೆವರಿ, ನಡುಗಿ, ಹೆಂಡತಿಯ ಮೇಲೆ ಎಗರಾಡುತ್ತಿದ್ದ. ಆದರೂ ಮನೆಯಲ್ಲಿ ಅದಕ್ಕೆ 'ಬೆನ್ನಿನ ಗುಳಗಿ' ಎಂದೇ ಹೆಸರು. ಬೇರೆ ಹೆಸರಿಟ್ಟು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ.

"ಹೆಸರು ಯಾರಿಗೂ ಹೇಳೂದಿಲ್ರಿ ನಾವು," ಎಂದಳು ಮಹಾದೇವಕ್ಕ.

"ನೀ ಹೇಳೂದ ಬ್ಯಾಡವಾ. ನೀ ಡಬ್ಬಿ ಹಿಡ್ಕೊಂಡು ನಮ್ಮ ಅಂಗಳಕ್ಕ ಬಂದದ್ದ ನೋಡಿದ್ರ ಸಾಕು. ನನ್ನ ಮಗಳ ಮದಿವಿ ಮಾತು ನಡದೈತಿ."

"ಮದಿವಿಗಿಂತ ಮೊದಲ ಜೀವ ಐತ್ರಿ," ಎಂದು ರಾಜಶ್ರೀ ಡಬ್ಬಿ ಇಸಿದುಕೊಂಡಳು.

ಮಹಾದೇವಕ್ಕ ಅವಳಿಗೆ ಅಲ್ಲಿಯೇ ನಿಂತು ಹೇಳಿದಳು. ಹೆಸರು ಹಿಡಿದು ಕೂಗಿದರೂ ಏಳದಿದ್ದರೆ, ತುಟಿ ನೀಲಿಯಾದರೆ, ಗೊರಕೆ ಗಂಟಲಲ್ಲಿ ನೀರು ಕುದ್ದಂತೆ ಕೇಳಿಸಿದರೆ ತಡ ಮಾಡಬಾರದು. ಒಂದು ಹೊಡೆದು ಕಾಯಬೇಕು, ಉಸಿರು ತಿರುಗದಿದ್ದರೆ ಎರಡನೆಯದು. ಜೊತೆಗೇ ಆಂಬುಲೆನ್ಸ್‌ಗೆ ಫೋನು. ಯಂಕವ್ವ ಜೋಳದ ಕಲ್ಲು ಆರಿಸುತ್ತ ಕುಳಿತಳು. ಕೇಳಬಾರದೆಂದರೂ ಅರ್ಧ ಕಿವಿಗೆ ಬಿತ್ತು.

ಆ ದಿನ ಊಟಕ್ಕೆ ಕುಳಿತಾಗ ಡಬ್ಬಿ ಗೋಡೆಯ ಗೂಡಿನಲ್ಲಿರುವುದನ್ನು ಹುಲಗೇಶ ಕಂಡ.

"ಏನದು?"

"ನಿಮಗ ಹೆಚ್ಚುಕಮ್ಮಿ ಆದ್ರ ಬೇಕಾಗೂದು," ಎಂದಳು ರಾಜಶ್ರೀ.

"ನಾ ಏನ್ ಸಾಯಾಕ ಬಿದ್ದೇನೇನು? ಊರಿಗೆಲ್ಲಾ ಡಂಗುರಾ ಹೊಡಸೀಯಲ್ಲ!"

"ಡಂಗುರಾ ನೀವ ಹೊಡಿಯಾಕತ್ತೀರಿ. ಮೊನ್ನಿ ಬಸ್ಸಿನ್ಯಾಗ ನಿಂತಲ್ಲೇ ತೂಕಡಿಸಿ ಬಿದ್ರಿ ಅಂತ ಕಂಡಕ್ಟರಾ ಬಂದು ಹೇಳಿ ಹೋದಾ."

ಅವನು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ. "ಉಣ್ಣೂ ಹೊತ್ತಿನ್ಯಾಗ ಯಾಕ ತಗೀತಿಯವಾ ಮಾತು?" ಎಂದು ಯಂಕವ್ವ ಸೊಸೆಯನ್ನೇ ಬೈದಳು. ಮಗಳು ಮಧುಶ್ರೀ ಅಣ್ಣನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು. ಮತ್ತೆ ಬಂದಾನು ಎಂದು.

ಹದಿನೈದು ದಿನ ಹೀಗೇ ನಡೆಯಿತು. ಅಷ್ಟರಲ್ಲಿ ಹಿರೇಕೆರೂರು ತಾಲೂಕಿನ ಮಾಸೂರಿನಿಂದ ಹೆಣ್ಣು ನೋಡಲು ಬರುವ ದಿನ ಗೊತ್ತಾಯಿತು. ಹುಡುಗನ ಹೆಸರು ಲೋಹಿತ. ಗೋವಿನಜೋಳ ಒಕ್ಕುವ ಯಂತ್ರ ನಡೆಸುತ್ತಾನೆ. ತಂದೆ ಇಲ್ಲ, ತಾಯಿ ಸರೋಜವ್ವ ಗಟ್ಟಿ ಹೆಣ್ಣುಮಗಳು, ಕೆರೆಯ ಕೆಳಗೆ ಸ್ವಲ್ಪ ಗದ್ದೆ ಇದೆ. ಮಧುಶ್ರೀಗೆ ಹುಡುಗನ ಫೋಟೋ ಹಿಡಿಸಿತ್ತು. ಎರಡು ಸಲ ನೋಡಿದಳು, ಮೂರನೆಯ ಸಲ ಅತ್ತಿಗೆಗೆ ತೋರಿಸುವ ನೆವದಲ್ಲಿ ನೋಡಿದಳು.

ಅವರು ಬರುವ ದಿನ ಬೆಳಿಗ್ಗೆ ಯಂಕವ್ವ ನೆಲ ಸಾರಿಸಿ, ಜಮಖಾನೆ ಹಾಸಿ, ಗೂಡಿನಲ್ಲಿದ್ದ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಗೋಡೆಯ ಬಳಿ ಹೋದಳು.

"ಹಾಜರಾ, ಇದನ್ನ ಸಂಜಿಮಟ ಇಟ್ಕೋ."

ಹಾಜರಾಬಿ ಡಬ್ಬಿ ನೋಡಿದಳು, ಯಂಕವ್ವನ ಮುಖ ನೋಡಿದಳು, ಏನೆಂದು ಕೇಳಲಿಲ್ಲ. "ಇಲ್ಲೇ ಮಿಷನ್ನಿನ ಮ್ಯಾಲ ಇಡ್ತೇನಕ್ಕಾ. ಒಂದ ಕೂಗ ಹಾಕು, ಸಾಕು," ಎಂದಳಷ್ಟೆ.

ಹುಲಗೇಶ ಹತ್ತು ಗಂಟೆಗೆ ಕೆಲಸದಿಂದ ಬಂದ. ಕಣ್ಣು ಕೆಂಪಾಗಿರಲಿಲ್ಲ, ಮಾತು ಮೆತ್ತಗಿತ್ತು. "ಅವ್ರು ಬಂದಾಗ ಎದ್ದು ಅಂಗಿ ಹಾಕ್ಕೋತೇನವ್ವಾ, ಒಂದ ಸ್ವಲ್ಪ ಅಡ್ಡಾಗ್ತೇನಿ," ಎಂದು ಒಳಕೋಣೆಗೆ ಹೋದ. ಮಗ ಜಗಳವಿಲ್ಲದೆ ಮಾತಾಡಿದನಲ್ಲ ಎಂದು ಯಂಕವ್ವನಿಗೆ ಸಮಾಧಾನವೇ ಆಯಿತು.

ಮಾಸೂರಿನವರು ಬಂದಾಗ ಮಧ್ಯಾಹ್ನ. ಸರೋಜವ್ವ, ಲೋಹಿತ, ಅವನ ಸೋದರಮಾವ. ನೀರು ಕೊಟ್ಟದ್ದಾಯಿತು. ಉಪ್ಪಿಟ್ಟು, ಸವಣೂರಿನ ಖಾರಾ, ಚಹ ಬಂದವು. ಮಧುಶ್ರೀ ಹಸಿರು ಸೀರೆಯುಟ್ಟು ಜಮಖಾನೆಯ ಅಂಚಿಗೆ ಕುಳಿತಳು.

"ಹುಡುಗಿ ಅಣ್ಣ ಎಲ್ಲ್ಯದಾನ್ರಿ?" ಎಂದ ಸೋದರಮಾವ.

"ಲಾರಿ ಬಂದಿತ್ರಿ. ಈಗರ ಬಂದು ಮಲಗ್ಯಾನ," ಎಂದಳು ಯಂಕವ್ವ.

ಹೇಳಿ ಮುಗಿಸುವಷ್ಟರಲ್ಲಿ ಒಳಗಿನಿಂದ ಗೊರಕೆ ಕೇಳಿಸಿತು. ಜೋರು ಗೊರಕೆ. ಸೋದರಮಾವ ನಕ್ಕ. "ದುಡದ ಮೈ ಅಂದ್ರ ಹಂಗ ನೋಡ್ರಿ!"

ಯಂಕವ್ವ ತಾನೂ ನಕ್ಕು, ಎದ್ದು ಹೋಗಿ ಒಳಕೋಣೆಯ ಬಾಗಿಲು ಎಳೆದುಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ರಾಜಶ್ರೀ ಚಹದ ತಟ್ಟೆ ಹಿಡಿದು ನಿಂತಿದ್ದಳು. "ಅತ್ತಿ, ಆ ಗೊರಕಿ ಸರಿ ಇಲ್ರಿ," ಎಂದು ಪಿಸುಗುಟ್ಟಿದಳು.

"ಸುಮ್ನಿರು. ಮಲಗಲಿ."

"ಎಬ್ಬಿಸಿ ನೋಡ್ತೇನ್ರಿ."

"ಮಂದಿ ಮುಂದ ಎದ್ದು ಬಂದು ಎಗರಾಡಿದ್ರ? ನಿನ್ನ ಕಾಲಿಗೆ ಬೀಳ್ತೇನಿ, ಇವ್ರು ಹೋಗೂತನಕ ಸುಮ್ನಿರು."

ಪಡಸಾಲೆಯಲ್ಲಿ ಮಾತು ಮುಂದುವರಿಯಿತು. ಮಧುಶ್ರೀ ಎಷ್ಟು ಓದಿದ್ದಾಳೆ, ಹೊಲಿಗೆ ಬರುತ್ತದೆಯೇ. ಲೋಹಿತ ಚಹ ಮುಟ್ಟಿರಲಿಲ್ಲ, ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ. ನಾಚಿಕೆ ಇರಬೇಕು ಎಂದುಕೊಂಡಳು ಯಂಕವ್ವ. ಆಗ ಗೊರಕೆ ನಿಂತಿತು. 'ಸದ್ಯ' ಎಂದು ಅವಳು ಉಸಿರು ಬಿಟ್ಟಳು.

ರಾಜಶ್ರೀ ಚಹದ ತಟ್ಟೆಯನ್ನು ನೆಲಕ್ಕೆ ಬಿಟ್ಟು ಒಳಕೋಣೆಗೆ ನುಗ್ಗಿದಳು.

"ಅತ್ತೀ! ತುಟಿ ನೀಲಿ ಆಗ್ಯಾವ್ರಿ! ಏಳವಲ್ರು! ಡಬ್ಬಿ ಎಲ್ಲೈತಿ? ಗೂಡಿನ್ಯಾಗ ಇಲ್ಲ!"

ಯಂಕವ್ವ ಎದ್ದು ನಿಂತಳು. ಜಮಖಾನೆಯ ಮೇಲೆ ಮೂವರು ಬೀಗರಾಗುವವರು. ಹೇಳಿದರೆ ಎಲ್ಲ ಹೇಳಿದಂತೆ. "ಹಾಜರಾನ ಮನ್ಯಾಗ," ಎಂದಳು, ಆದರೆ ದನಿ ಹೊರಡಲಿಲ್ಲ. ಇನ್ನೊಮ್ಮೆ ಅಂದಳು.

ಕೇಳಿಸಿಕೊಂಡವಳು ಮಧುಶ್ರೀ. ಸೀರೆಯ ನಿರಿಗೆ ಎರಡೂ ಕೈಯಲ್ಲಿ ಎತ್ತಿಕೊಂಡು, ನೋಡಲು ಬಂದವರ ನಡುವೆಯೇ ದಾಟಿ, ಹಿತ್ತಲಿಗೆ ಓಡಿದಳು. "ಹಾಜರಾ ಚಾಚಿ, ಡಬ್ಬಿ! ಅಣ್ಣ ಉಸಿರಾಡವಲ್ಲ!" ಎಂದು ಅವಳು ಕೂಗಿದ್ದು ಓಣಿಗೆಲ್ಲ ಕೇಳಿಸಿತು.

ಮೊದಲನೆಯದನ್ನು ರಾಜಶ್ರೀ ಹೊಡೆದಳು. ಏನೂ ಆಗಲಿಲ್ಲ. ಹಾಜರಾಬಿ ಗೋಡೆ ಹಾರಿಯೇ ಬಂದು ಆಂಬುಲೆನ್ಸ್‌ಗೆ ಫೋನು ಹಚ್ಚಿ ಊರು, ಓಣಿ ಹೇಳುತ್ತಿದ್ದಳು. ಸರೋಜವ್ವ ಯಾವಾಗ ಒಳಗೆ ಬಂದಳೋ, ಹುಲಗೇಶನ ತಲೆಯ ಬಳಿ ಕುಳಿತು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ರಾಜಶ್ರೀ ಎರಡನೆಯದನ್ನೂ ಹೊಡೆದಳು. ಯಂಕವ್ವ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಒಂದು ಉಸಿರು ಬಂತು. ತಡೆದು ಇನ್ನೊಂದು ಬಂತು. ಹುಲಗೇಶ ಮಗ್ಗುಲಿಗೆ ಹೊರಳಿ ವಾಂತಿ ಮಾಡಿಕೊಂಡ. ಕಣ್ಣು ಬಿಟ್ಟು, ನಡುಗುತ್ತ, ಬೆವರುತ್ತ, "ಯಾರ ಎಬ್ಬಿಸಿದ್ದು? ಯಾರ ಹೇಳಿದ್ರು ಎಬ್ಬಿಸಂತ?" ಎಂದು ಬೈದ. ರಾಜಶ್ರೀ ಅವನ ಬೈಗುಳ ಕೇಳಿ ಅಳತೊಡಗಿದಳು.

ಸರೋಜವ್ವ ಚಾಪೆಯ ಕೆಳಗೆ ಹೊಳೆಯುತ್ತಿದ್ದ ಖಾಲಿ ಗುಳಿಗೆ ಪಟ್ಟಿಯನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು. "ಇದನ್ನ ನುಂಗಿದ್ದೇನ್ರಿ?" ಎಂದಳು. ಆಂಬುಲೆನ್ಸ್ ಬಂತು. ಮಾಸೂರಿನವರು ಉಪ್ಪಿಟ್ಟು ಬಿಟ್ಟು ಎದ್ದು ಹೋದರು.

ಹುಲಗೇಶ ನಾಲ್ಕು ದಿನ ದವಾಖಾನೆಯಲ್ಲಿದ್ದು ಬಂದ. ವಾರಕ್ಕೊಮ್ಮೆ ಹಾವೇರಿಗೆ ಹೋಗಿ ಡಾಕ್ಟರಿಗೆ ತೋರಿಸಬೇಕು, ಚೀಲ ಹೊರುವಂತಿಲ್ಲ. ರಾಜಶ್ರೀ ಗೋವಿನಜೋಳ ಮುರಿಯುವ ಕೂಲಿಗೆ ಹೋಗತೊಡಗಿದಳು. ಯಂಕವ್ವ ಮತ್ತೆ ಒಲೆಯ ಮುಂದೆ ಕುಳಿತಳು. ಮಾಸೂರಿನ ಸೋದರಮಾವ ಫೋನು ಮಾಡಿ, "ಸದ್ಯಕ್ಕ ಬ್ಯಾಡಂತ ಅಂದಾಳ್ರಿ ನಮ್ಮಕ್ಕ," ಎಂದಷ್ಟೇ ಹೇಳಿದ. ಮಧುಶ್ರೀ ಫೋಟೋ ಅಳಿಸಿದಳೋ ಇಟ್ಟುಕೊಂಡಳೋ, ಯಾರೂ ಕೇಳಲಿಲ್ಲ.

ಮಹಾದೇವಕ್ಕ ಖಾಲಿಯಾದದ್ದನ್ನು ಇಸಿದುಕೊಂಡು ಹೊಸ ಡಬ್ಬಿ ಕೊಟ್ಟಳು. "ಬಿಟ್ಟಾನ ಅಂತ ಹಗೂರ ತಿಳೀಬ್ಯಾಡ್ರಿ. ಬಿಟ್ಟವ್ರು ಒಮ್ಮಿ ಮತ್ತ ಮೊದಲಿನಷ್ಟ ತಗೊಂಡ್ರ ಮೈ ತಡಕೊಳ್ಳೂದಿಲ್ಲ. ಈಗ ಇನ್ನೂ ಹುಷಾರಿರಬೇಕ್ರಿ."

ಆ ಸಲ ಡಬ್ಬಿ ಇಸಿದುಕೊಂಡದ್ದು ಯಂಕವ್ವನೇ. ಆದರೆ ಸಿಟ್ಟು ಇಳಿದಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದ ಒಂದು ದಿನ ಅದು ಹೊರಗೆ ಬಿತ್ತು.

"ಈ ಡಬ್ಬಿ ಮನಿ ಹೊಕ್ಕ ದಿನ ನನ್ನ ಮಗಳ ನಸೀಬ ಹೊರಗ ಹೋತು."

"ಡಬ್ಬಿ ಬರದಿದ್ರ ನಿಮ್ಮ ಮಗಾ ಹೊರಗ ಹೋಗ್ತಿದ್ದಾ," ಎಂದಳು ರಾಜಶ್ರೀ. ದಿನವಿಡೀ ತೆನೆ ಮುರಿದ ಅವಳ ಕೈ ತುಂಬ ಗೀರು. "ಮಂದಿ ಮುಂದ ಬಾಗಲಾ ಎಳದು ಬಂದ್ರಿ ನೀವು. ಅದನ್ನ ನಾ ಯಾರ ಮುಂದೂ ಹೇಳಿಲ್ಲ."

ಯಂಕವ್ವ ಸೌಟಿನಿಂದ ಸಾರು ತಿರುವತೊಡಗಿದಳು.

"ಇಬ್ರೂ ಸುಮ್ನಾಗ್ರಿ," ಎಂದಳು ಮಧುಶ್ರೀ. "ಯವ್ವಾ, ನನ್ನ ಹೆಸರ್ಲೆ ಜಗಳಾ ಬ್ಯಾಡ. ಓಡಿ ಹೋದಾಕಿ ನಾ. ನನಗೇನ ಪಶ್ಚಾತ್ತಾಪ ಇಲ್ಲ."

ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಹುಲಗೇಶ ಅಂದ: "ಎಬ್ಬಿಸಬಾರ್ದಿತ್ತು ನನ್ನ."

ಯಂಕವ್ವ ಸೌಟು ಕೆಳಗಿಟ್ಟಳು. ಹೋಗಿ ಅವನ ಬೆನ್ನಿಗೆ ಒಂದು ಏಟು ಹಾಕಿದಳು, ಹುಡುಗನಿದ್ದಾಗ ಹಾಕುತ್ತಿದ್ದಂತೆ. ಆಮೇಲೆ ಅಲ್ಲೇ ಕುಳಿತು ಅದೇ ಬೆನ್ನನ್ನು ತಿಕ್ಕತೊಡಗಿದಳು. ಅವನು ಬೇಡ ಅನ್ನಲಿಲ್ಲ.

ಅದಾದ ಮುಂದಿನ ವಾರ, ಬಿಸಿಲೇರುವ ಹೊತ್ತಿಗೆ, ಸರೋಜವ್ವ ಒಬ್ಬಳೇ ಬಂದಳು. ಕೈಯಲ್ಲಿ ಹೊಸ ಅಕ್ಕಿಯ ಚೀಲ. ಅಂದು ಕೂಲಿ ಇರಲಿಲ್ಲವಾದ್ದರಿಂದ ರಾಜಶ್ರೀಯೂ ಮನೆಯಲ್ಲಿದ್ದಳು. ಬಾಗಿಲಲ್ಲಿ ನಿಂತವಳಿಗೆ ಯಂಕವ್ವ ಕೂಡ್ರಿ ಎನ್ನಲಿಲ್ಲ. ಮಧುಶ್ರೀ ನೀರಿನ ತಂಬಿಗೆ ತಂದಿಟ್ಟು, "ಬರ್ರಿ, ಒಳಗ ಬರ್ರಿ," ಎಂದಳು.

"ಯಾಕ ಬಂದೀರಿ?" ಎಂದಳು ಯಂಕವ್ವ. "ಬ್ಯಾಡ ಅಂದ ಮನಿಗೆ ಅಕ್ಕಿ ಯಾಕ?"

ಸರೋಜವ್ವ ನೀರು ಕುಡಿಯದೆ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಆ ಔಷಧ ಒಂದ ಬೇಕಾಗಿತ್ರಿ."

"ಏನು?"

"ಮೂಗಿಗೆ ಹೊಡೆದ್ರಲ್ಲ, ಅದು."

ಯಂಕವ್ವನಿಗೆ ಮೈ ಉರಿಯಿತು. "ಅದನ್ನ ನೋಡೇ ಅಲ್ಲೇನ್ರಿ ನನ್ನ ಮಗಳನ್ನ ಬ್ಯಾಡ ಅಂದದ್ದು? ಗುಳಗಿ ನುಂಗವ್ರ ಮನಿ ಅಂತ? ಈಗ ಯಾವ ಮಾರಿ ಹೊತ್ಕೊಂಡ ಬಂದ್ರಿ?"

"ಬೈರಿ. ಬೈಸ್ಕೊಳ್ಳಾಕ ಬಂದೇನಿ." ಸರೋಜವ್ವ ತಂಬಿಗೆ ಕೆಳಗಿಟ್ಟಳು. "ಲೋಹಿತನ ಗಾಡ್ಯಾಗ ಆ ಪಟ್ಟಿನ ನಾ ಎಷ್ಟೋ ಸರತಿ ನೋಡೇನ್ರಿ. ಮೈಕೈ ನೋವಿಂದು ಅಂತಿದ್ದಾ, ಹೌದು ಅಂತಿದ್ದೆ. ಇಲ್ಲೆ ನಿಮ್ಮ ಚಾಪಿ ಕೆಳಗ ಅದ ಪಟ್ಟಿ. ನಿಮ್ಮ ಹುಡುಗಿ ಸೀರಿ ಎತ್ಕೊಂಡ ಓಡಿದ್ದ ನೋಡೇನಿ. ಅಂಥ ಹುಡುಗೀನ ತಿಳದೂ ತಿಳದೂ ನನ್ನ ಮಗಗ ಹ್ಯಾಂಗ ಕೇಳ್ಲಿ? ನಿಮ್ಮ ಮಗಳನ್ನ ಬ್ಯಾಡ ಅಂದಿಲ್ರಿ ನಾ. ನನ್ನ ಮಗಗ ಕೊಡಬ್ಯಾಡ್ರಿ ಅಂದೇನಿ."

ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಮಧುಶ್ರೀ ಎದ್ದು ಹೋಗಿ ಮುಚ್ಚಳ ಸರಿಸಿದಳು. ಬೇಗ ತಿರುಗಿ ಬರಲಿಲ್ಲ.

"ಮಾಸೂರಾಗ ಕೇಳೇನಿ, ಹಿರೇಕೆರೂರಿಗೆ ಹೋಗಿ ಕೇಳೇನಿ," ಎಂದಳು ಸರೋಜವ್ವ. "ನಮ್ಮ ತಾಲೂಕಿಗೆ ಇನ್ನೂ ಬಂದಿಲ್ಲಂತ್ರಿ. ಇದು ಹೆಂಗ ಆಕ್ಕೈತಿ ನೋಡ್ಕೊಂಡು ಮುಂದ ಕೊಡ್ತಾರಂತ. ಅಲ್ಲೀತನಕ ಅಂವಗ ಉಸಿರು ತಡೀತೈತೇನು?"

ಯಂಕವ್ವ ಮಹಾದೇವಕ್ಕನಿಗೆ ಫೋನು ಹಚ್ಚಿಸಿದಳು. ಬೇರೆ ತಾಲೂಕಿನವರಿಗೆ ಕೊಟ್ಟರೆ ಕೆಲಸವೇ ಹೋಗುತ್ತದೆ, ಮೇಲಿನವರಿಗೆ ಬೇಕಾದರೆ ಹೇಳುತ್ತೇನೆ ಎಂದಳು ಅವಳು. ಕೊನೆಗೆ, "ನಿಮ್ಮ ಮನಿಗೆ ಕೊಟ್ಟದ್ದು ಎಲ್ಲೈತಿ ಅಂತ ಮಾತ್ರ ನಾ ದಿನಾ ಬಂದು ನೋಡೂದಿಲ್ರಿ," ಎಂದು ಫೋನು ಇಟ್ಟಳು.

ಯಂಕವ್ವ ಗೂಡಿನಿಂದ ಡಬ್ಬಿ ತೆಗೆದಳು. ರಾಜಶ್ರೀ ಅಡ್ಡ ಬಂದಳು.

"ಅತ್ತಿ, ಅವತ್ತ ಎರಡೂ ಬೇಕಾಗಿದ್ವು. ಒಂದಕ್ಕ ಬರಲಿಲ್ಲ ಉಸಿರು. ನೀವ ನೋಡೀರಿ."

"ನೋಡೇನಿ."

"ನಾಳೆ ಇವ್ರು ಮತ್ತ ತಗೊಂಡ್ರ? ಮಹಾದೇವಕ್ಕ ಏನ್ ಹೇಳ್ಯಾಳು?"

"ಕೇಳೇನವಾ. ಈ ಸರತಿ ಎರಡೂ ಕಿವಿಲೇ ಕೇಳೇನಿ. ಇಕಿ ಮನ್ಯಾಗ ಒಂದೂ ಇಲ್ಲ."

ರಾಜಶ್ರೀ ಗಂಡನ ಕಡೆ ತಿರುಗಿದಳು. ಹೊರಸಿನ ಮೇಲೆ ಎದ್ದು ಕುಳಿತಿದ್ದ ಹುಲಗೇಶ ಸರೋಜವ್ವನನ್ನು ಕೇಳಿದ: "ಎಷ್ಟ ತಗೋತಾನ್ರಿ ಲೋಹಿತಾ?"

"ನಾಕ ಅಂತಾನಪಾ."

"ಎಂಟಂತ ತಿಳ್ಕೋರಿ."

ಯಂಕವ್ವ ಡಬ್ಬಿಯಿಂದ ಒಂದನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಸರೋಜವ್ವನ ಕೈಗಿಟ್ಟಳು. ರಾಜಶ್ರೀ ಅಡುಗೆಮನೆಗೆ ಹೋದಳು, ಪಾತ್ರೆ ಕುಕ್ಕುವ ಸದ್ದು ಕೇಳಿಸಿತು. ಮಧುಶ್ರೀ ಬಡಿಸಿದ ಅನ್ನವನ್ನು ಸರೋಜವ್ವ ನಾಲ್ಕು ತುತ್ತು ಉಂಡು, ಸವಣೂರಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಯಂಕವ್ವ ಬಸ್ ನಿಲ್ದಾಣದವರೆಗೆ ಕಳಿಸಲು ಹೊರಟಳು.

ನಿಲ್ದಾಣದಲ್ಲಿ ಹತ್ತಾರು ಮಂದಿ. ಎದುರಿನ ಹೋಟೆಲಿನ ಮುಂದೆ ಚಹ ಕುಡಿಯುವವರು. ಸರೋಜವ್ವ ಸೆರಗಿನ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಆಗ ರಾಜಶ್ರೀ ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ಪಾತ್ರೆ ತಿಕ್ಕಿದ ಬೂದಿ ಇನ್ನೂ ಇತ್ತು.

"ಕೊಟ್ಟು ಕಳಿಸಿದ್ರ ಆತೇನ್ರಿ ಅತ್ತಿ? ಹ್ಯಾಂಗ ಹೊಡೀಬೇಕಂತ ಹೇಳೀರೇನು?"

ಇಬ್ಬರು ಮುದುಕಿಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ತೆಲಿ ಹಿಂದಕ ಮಾಡ್ಬೇಕ್ರಿ. ಗದ್ದಾ ಮ್ಯಾಲೆತ್ತಿ ಹಿಡೀಬೇಕು," ಎಂದು ರಾಜಶ್ರೀ ಗಾಳಿಯಲ್ಲಿ ಕೈಯಾಡಿಸಿದಳು. "ಆಮ್ಯಾಲೆ ಮಗ್ಗಲಕ್ಕ ಹೊಳ್ಳಿಸಬೇಕು, ಇಲ್ಲಂದ್ರ ವಾಂತಿ ಗಂಟಲಕ್ಕ ಹೋಕ್ಕೈತಿ. ತಿಳೀತೇನ್ರಿ?"

ಸರೋಜವ್ವ ತಲೆಯಾಡಿಸಿದಳು. ತಿಳಿದಿರಲಿಲ್ಲ ಎಂಬುದು ಅವಳ ಕಣ್ಣಲ್ಲೇ ಕಾಣುತ್ತಿತ್ತು.

ಯಂಕವ್ವ ಸುತ್ತ ಒಮ್ಮೆ ನೋಡಿದಳು. ಹೋಟೆಲಿನವನು ನೋಡುತ್ತಿದ್ದ. ಗೋದಾಮಿನ ಹಮಾಲರಿಬ್ಬರು ನೋಡುತ್ತಿದ್ದರು. ಅವಳು ಚಪ್ಪಲಿ ಬಿಟ್ಟು, ಸೆರಗು ಬಿಗಿದು ಸಿಕ್ಕಿಸಿ, ನಿಲ್ದಾಣದ ಕಲ್ಲಿನ ಕಟ್ಟೆಯ ಮೇಲೆ ಅಂಗಾತ ಮಲಗಿಬಿಟ್ಟಳು.

"ಅತ್ತಿ! ಏನ್ ಮಾಡಾಕತ್ತೀರಿ?"

"ನಾನ ಲೋಹಿತಾ ಅಂತ ತಿಳ್ಕೋರಿ," ಎಂದಳು ಯಂಕವ್ವ, ಮುಗಿಲು ನೋಡುತ್ತ. "ರಾಜಿ, ಕಲಿಸು ಇಕಿಗೆ."

ರಾಜಶ್ರೀ ಸರೋಜವ್ವನ ಕೈ ಹಿಡಿದು ತಂದು ಅತ್ತೆಯ ಗದ್ದದ ಕೆಳಗಿಟ್ಟಳು. ಸರೋಜವ್ವನ ಬೆರಳು ಹೂ ಮುಟ್ಟಿದ ಹಾಗೆ ಮುಟ್ಟಿದವು.

"ಬಿಗಿಲೆ ಹಿಡೀರಿ. ಮುರಿಯೂದಿಲ್ಲ ನಾ."

ಬಸ್ಸು ಬಂತು. ಕಂಡಕ್ಟರ್ ಅರ್ಧ ಇಳಿದು, "ಏನಾತ್ರೀ ಮುದುಕಿಗೆ?" ಎಂದ. ಮಂದಿ ಸುತ್ತ ಕೂಡತೊಡಗಿದರು.

"ಏನಾಗಿಲ್ಲಪಾ," ಎಂದಳು ಯಂಕವ್ವ ಮಲಗಿದಲ್ಲಿಂದಲೇ. "ಗುಳಗಿ ಹೆಚ್ಚಾಗಿ ಉಸಿರು ನಿಂತ್ರ ಏನ್ ಮಾಡ್ಬೇಕು ಅಂತ ಕಲಿಸಾಕತ್ತೇವಿ. ಒಂದೀಟ ತಡಿ."

ಡ್ರೈವರ್ ಕಿಟಕಿಯಿಂದ ಇಣುಕಿ ನೋಡಿದ. ಏನನ್ನಿಸಿತೋ, ಇಂಜಿನ್ ಬಂದ್ ಮಾಡಿದ. ಆ ಮೌನದಲ್ಲಿ ಸರೋಜವ್ವ ಯಂಕವ್ವನ ತಲೆ ಹಿಂದಕ್ಕೆ ಬಾಗಿಸಿದಳು, ಗಂಟು ಬಿಚ್ಚದೆಯೇ ಮೂಗಿಗೆ ಹಿಡಿದಳು, ಭುಜಕ್ಕೆ ಕೈ ಹಾಕಿ ಮಗ್ಗುಲಿಗೆ ಹೊರಳಿಸಿದಳು. ಕಲ್ಲು ಬಿಸಿಲಿಗೆ ಕಾದಿತ್ತು.

"ಸರಿ ಬಂತೇನ್ರಿ?" ಎಂದಳು ಸರೋಜವ್ವ.

"ಗದ್ದಾ ನಡುವ ಬಿಟ್ರಿ," ಎಂದಳು ರಾಜಶ್ರೀ.

ಯಂಕವ್ವ ಮತ್ತೆ ಅಂಗಾತವಾಗಿ ಕಣ್ಣು ಮುಚ್ಚಿದಳು. "ಇನ್ನೊಮ್ಮಿ ಮಾಡ್ರಿ."